‘ಹೊಂದಿಕೊಂಡು ಹೋಗಮ್ಮ’: ಪೆಟ್ಟು ತಿಂದವಳಿಗೆ ನಾವು ಹೇಳುವ ಮಾತು

ವಿವಾಹ ಸಂಸ್ಕಾರದ ಪಾಠ ಮುಗಿಯುವ ವಾರ ನಾನು ತರಗತಿಯ ಮುಂದೆ ಒಂದು ಪ್ರಸಂಗವನ್ನಿಡುತ್ತೇನೆ. ಶನಿವಾರ ಸಂಜೆ, ಬಲಿಪೂಜೆಗೆ ಇನ್ನೂ ಅರ್ಧ ಗಂಟೆಯಿದೆ. ಮೂವತ್ತರ ಆಸುಪಾಸಿನ ಹೆಣ್ಣುಮಗಳೊಬ್ಬಳು ಗುರುಮನೆಯ ಬಾಗಿಲಿಗೆ ಬಂದು ನಿಲ್ಲುತ್ತಾಳೆ. ಗಂಡ ಹೊಡೆಯುತ್ತಾನೆ, ಇದು ಮೊದಲ ಸಲವಲ್ಲ ಎನ್ನುತ್ತಾಳೆ. ನೀವು ಏನು ಹೇಳುತ್ತೀರಿ? ಗುರುವಿದ್ಯಾರ್ಥಿಗಳು ಬರೆದುಕೊಡುವ ಉತ್ತರಗಳು ವರ್ಷದಿಂದ ವರ್ಷಕ್ಕೆ ಹೆಚ್ಚು ಬದಲಾಗುವುದಿಲ್ಲ. ಗಂಡನನ್ನು ಕರೆಸಿ ಬುದ್ಧಿ ಹೇಳುವೆ. ಇಬ್ಬರನ್ನೂ ಎದುರು ಬದುರು ಕೂರಿಸಿ ರಾಜಿ ಮಾಡಿಸುವೆ. ಕುಟುಂಬ ಪ್ರಾರ್ಥನೆಯನ್ನು ತಪ್ಪಿಸಬೇಡಿ ಎನ್ನುವೆ. ತಾಳ್ಮೆಯಿಂದ ಶಿಲುಬೆಯನ್ನು ಹೊರುವಂತೆ ಆಕೆಯನ್ನು ಉತ್ತೇಜಿಸುವೆ. ಈ ರಾತ್ರಿ ಆಕೆ ಅದೇ ಮನೆಗೆ ಮರಳಿದರೆ ಏನಾದೀತು ಎಂಬ ಪ್ರಶ್ನೆಯನ್ನು ಎತ್ತುವವರು ವಿರಳ.

ಅವರನ್ನು ಹಳಿಯುವ ಹಕ್ಕು ನನಗಿಲ್ಲ. ಗುರುದೀಕ್ಷೆ ಪಡೆದ ಎರಡನೆಯ ವರ್ಷ, ಬಯಲುಸೀಮೆಯ ಒಂದು ಧರ್ಮಕೇಂದ್ರದಲ್ಲಿ ಸಹಾಯಕ ಗುರುವಾಗಿದ್ದಾಗ, ಇಂಥದ್ದೇ ಒಂದು ಸಂಜೆ ಈ ನಾಲ್ಕನ್ನೂ ನಾನು ಚಾಚೂ ತಪ್ಪದೆ ಮಾಡಿದೆ. ಗಂಡ ಕೆಟ್ಟವನಂತೆ ಕಾಣಲಿಲ್ಲ. ದೇವಾಲಯದ ವಾರ್ಷಿಕ ಹಬ್ಬಕ್ಕೆ ಚಪ್ಪರ ಕಟ್ಟುವುದರಲ್ಲಿ ಮುಂದಾಳು. ನನ್ನೆದುರು ಅತ್ತ, ಇನ್ನು ಕೈಯೆತ್ತುವುದಿಲ್ಲ ಎಂದು ಶಿಲುಬೆಯನ್ನು ಮುಟ್ಟಿ ಹೇಳಿದ. ನಾನು ಆಕೆಯ ಕಡೆ ತಿರುಗಿ, “ಸಂಸಾರ ಅಂದ ಮೇಲೆ ಇದ್ದದ್ದೇ, ಹೊಂದಿಕೊಂಡು ಹೋಗಮ್ಮ” ಎಂದೆ. ಇಬ್ಬರೂ ಒಂದೇ ಬೈಕಿನಲ್ಲಿ ಮನೆಗೆ ಹೋದರು. ಆ ರಾತ್ರಿ ನಾನು ಒಂದು ಒಳ್ಳೆಯ ಕೆಲಸ ಮಾಡಿದೆನೆಂಬ ಸಮಾಧಾನದಲ್ಲಿ ಮಲಗಿದೆ. ಮೂರು ತಿಂಗಳ ನಂತರ ಆಕೆಯ ಅಕ್ಕ ಬಂದು ಹೇಳಿದ ಮಾತು ಇದು: “ಅವಳು ಇನ್ನು ನಿಮ್ಮ ಹತ್ರ ಬರಲ್ಲ ಫಾದರ್. ಅವಳು ಬಾಯಿ ಬಿಟ್ಟರೆ ಸಾಕು, ಫಾದರೇ ಹೇಳವ್ರೆ ಹೊಂದಿಕೊಂಡು ಹೋಗು ಅಂತ ಅಂದ್ಕೊಂಡು ಹೊಡೀತಾನೆ.”

ನನ್ನ ಮಾತು ಅವನ ಕೈಗೆ ದೊಣ್ಣೆಯಾಗಿತ್ತು. ಆ ಸಲಹೆಯನ್ನು ನಾನು ಎಲ್ಲಿಂದ ಕಲಿತೆ ಎಂದು ಆಮೇಲೆ ಹುಡುಕಿ ನೋಡಿದೆ. ಪವಿತ್ರ ಗ್ರಂಥದಲ್ಲಿ ಅದು ಸಿಗಲಿಲ್ಲ, ಧರ್ಮಸಭೆಯ ಕಾನೂನಿನಲ್ಲಿಯೂ ಸಿಗಲಿಲ್ಲ. ಅದು ನಮ್ಮ ಅಜ್ಜಿಯರಿಗೆ ಅವರ ಅತ್ತೆಯಂದಿರು ಹೇಳಿದ ಮಾತು. ನಾನು ಅದಕ್ಕೆ ನಿಲುವಂಗಿ ತೊಡಿಸಿದ್ದೆ. ಸ್ತ್ರೀಯರ ಮೇಲಿನ ಹಿಂಸೆಯ ಕುರಿತು ಹೇಳಬೇಕಾದದ್ದು ಬಹಳವಿದೆಯಾದರೂ ಈ ಲೇಖನ ಮನೆಯೊಳಗಿನ ಹಿಂಸೆಗೆ, ಅದರಲ್ಲೂ ಆ ಹಿಂಸೆಯ ಎದುರು ಗುರುವು ಆಡುವ ಮಾತಿಗೆ ಸೀಮಿತವಾಗಿದೆ.

ಎದುರಿಗೆ ಕುಳಿತವರು

2019–21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 18ರಿಂದ 49 ವಯೋಮಾನದ ವಿವಾಹಿತ ಸ್ತ್ರೀಯರ ಪೈಕಿ ಶೇ. 44.4ರಷ್ಟು ಮಂದಿ ಗಂಡನಿಂದ ಹಿಂಸೆ ಅನುಭವಿಸಿರುವುದಾಗಿ ತಿಳಿಸಿದ್ದಾರೆ. ದೇಶದ ಸರಾಸರಿ ಶೇ. 29.3. ಅದಕ್ಕೂ ಹಿಂದಿನ 2015–16ರ ಸಮೀಕ್ಷೆಯಲ್ಲಿ ನಮ್ಮ ರಾಜ್ಯದ ಪ್ರಮಾಣ ಶೇ. 20.6 ಇತ್ತು. ಈ ಏರಿಕೆಯಲ್ಲಿ ಹಿಂಸೆ ಹೆಚ್ಚಿದ್ದೆಷ್ಟು, ಹೇಳಿಕೊಳ್ಳುವ ಧೈರ್ಯ ಹೆಚ್ಚಿದ್ದೆಷ್ಟು ಎಂದು ಚರ್ಚಿಸಬಹುದು. ಈ ಅಂಕಿ ಎಲ್ಲ ಮತಗಳವರನ್ನೂ ಒಳಗೊಂಡದ್ದು. ನಮ್ಮ ಮನೆಗಳು ಇದಕ್ಕೆ ಹೊರತೆಂದು ಭಾವಿಸಲು ನನಗೆ ಯಾವ ಆಧಾರವೂ ಕಾಣುವುದಿಲ್ಲ. ಭಾನುವಾರ ಪ್ರಬೋಧನೆಗೆ ನಿಂತಾಗ ಎದುರಿಗೆ ಕುಳಿತ ಗೃಹಿಣಿಯರನ್ನು ಈ ಅಂಕಿಯನ್ನು ನೆನಪಿನಲ್ಲಿಟ್ಟುಕೊಂಡು ನೋಡಬೇಕು.

ಹಿಂಸೆಯೆಂದರೆ ಹೊಡೆತವೊಂದೇ ಅಲ್ಲ. 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯಿದೆ ಅದನ್ನು ನಾಲ್ಕಾಗಿ ಗುರುತಿಸುತ್ತದೆ: ದೈಹಿಕ, ಲೈಂಗಿಕ, ಮಾತಿನ ಹಾಗೂ ಭಾವನಾತ್ಮಕ, ಆರ್ಥಿಕ. ನಾಲ್ಕನೆಯದನ್ನು ನಾವು ಸುಲಭವಾಗಿ ಕಾಣುವುದಿಲ್ಲ. ಗಾರ್ಮೆಂಟ್ಸ್‌ನಲ್ಲಿ ದುಡಿಯುವ ಹೆಂಡತಿಯ ಎಟಿಎಂ ಕಾರ್ಡ್ ಗಂಡನ ಜೇಬಿನಲ್ಲಿರುವುದು, ಸ್ವಸಹಾಯ ಸಂಘದಲ್ಲಿ ಅವಳ ಹೆಸರಿನಲ್ಲಿ ಸಾಲ ಎತ್ತಿಸಿ ಅವನು ಖರ್ಚು ಮಾಡುವುದು, ತವರಿನ ಚಿನ್ನ ಹೇಳದೆ ಕೇಳದೆ ಗಿರವಿ ಅಂಗಡಿ ಸೇರುವುದು, ಇವೆಲ್ಲವೂ ಅದರಲ್ಲಿ ಸೇರಿವೆ. ವರದಕ್ಷಿಣೆಯ ಮಾತು ಬಂದಾಗ ‘ಅದು ಬೇರೆಯವರಲ್ಲಿ’ ಎಂದು ಹೇಳುವ ಗುರುಗಳನ್ನು ಕಂಡರೆ ನನಗೆ ಅಚ್ಚರಿಯಾಗುತ್ತದೆ. ಅವರು ಯಾವ ಊರಿನ ಮದುವೆಗಳನ್ನು ಆಶೀರ್ವದಿಸಿದ್ದಾರೋ ತಿಳಿಯದು.

ಇನ್ನು ಕುಡಿತದ ಮಾತು. ‘ಕುಡಿತ ಬಿಡಿಸಿದರೆ ಎಲ್ಲ ಸರಿಹೋಗುತ್ತದೆ’ ಎಂಬುದು ನಮ್ಮ ನೆಚ್ಚಿನ ರೋಗನಿರ್ಣಯ. ಕುಡಿತ ಹಿಂಸೆಯನ್ನು ಹೆಚ್ಚಿಸುತ್ತದೆ ಎಂಬುದು ನಿಜ. ಆದರೆ ಕುಡಿದವನು ತನ್ನ ಮೇಸ್ತ್ರಿಗೆ ಹೊಡೆಯುವುದಿಲ್ಲ, ದಾರಿಯಲ್ಲಿ ತಡೆದ ಪೊಲೀಸರಿಗೆ ಹೊಡೆಯುವುದಿಲ್ಲ. ಮನೆ ತಲುಪಿ, ಬಾಗಿಲು ಹಾಕಿಕೊಂಡು, ಹೆಂಡತಿಗೆ ಹೊಡೆಯುತ್ತಾನೆ. ಯಾರಿಗೆ ಹೊಡೆದರೆ ಲೆಕ್ಕ ಕೇಳುವವರಿಲ್ಲ ಎಂಬ ಅರಿವು ಆ ಮತ್ತಿನಲ್ಲಿಯೂ ಅವನಿಗಿರುತ್ತದೆ. ಇದನ್ನು ಲಿಂಗಾಧಾರಿತ ಹಿಂಸೆ ಎಂದು ಕರೆಯುವುದು ಈ ಕಾರಣಕ್ಕಾಗಿಯೇ: ಅವಳ ಸ್ಥಾನ ಯಾವುದು ಎಂದು ಅವಳಿಗೆ ನೆನಪಿಸಲು ಅದು ನಡೆಯುತ್ತದೆ.

ಅಮೆರಿಕದ ಮನಶ್ಶಾಸ್ತ್ರಜ್ಞೆ ಲೆನೋರ್ ವಾಕರ್ 1979ರಲ್ಲಿ ಪ್ರಕಟಿಸಿದ ತಮ್ಮ ಅಧ್ಯಯನದಲ್ಲಿ ಈ ಹಿಂಸೆಗೆ ಒಂದು ಚಕ್ರವಿರುವುದನ್ನು ವಿವರಿಸಿದರು. ಮೊದಲು ಮನೆಯಲ್ಲಿ ಬಿಗುವು ಬೆಳೆಯುತ್ತದೆ, ಬಳಿಕ ಸ್ಫೋಟ, ಅನಂತರ ಪಶ್ಚಾತ್ತಾಪ, ಕಣ್ಣೀರು, ಮಲ್ಲಿಗೆ ಹೂವು, ಹೊಸ ಸೀರೆ. ಸ್ವಲ್ಪ ಕಾಲದ ಮೇಲೆ ಮತ್ತೆ ಬಿಗುವು. ಪ್ರತಿಯೊಂದು ಮನೆಯೂ ಈ ಅಚ್ಚಿಗೆ ಹೊಂದುವುದಿಲ್ಲವೆಂದು ನಂತರದ ಸಂಶೋಧಕರು ಹೇಳಿದ್ದಾರೆ. ಆದರೂ ಗುರುಗಳಿಗೆ ಈ ತಿಳಿವಳಿಕೆ ಅತ್ಯಗತ್ಯ, ಏಕೆಂದರೆ ಗಂಡನನ್ನು ನಾವು ಭೇಟಿಯಾಗುವುದು ಬಹುತೇಕ ಮೂರನೆಯ ಘಟ್ಟದಲ್ಲಿಯೇ. ಅಂದು ನನ್ನೆದುರು ಅತ್ತವನು ನಟಿಸುತ್ತಿದ್ದನೆಂದು ಈಗಲೂ ನಾನು ಹೇಳಲಾರೆ. ಅವನ ಅಳು ನಿಜವೇ ಇದ್ದೀತು. ಅದು ಚಕ್ರದ ಒಂದು ಅರೆಕಾಲು ಎಂಬುದು ನನಗೆ ತಿಳಿದಿರಲಿಲ್ಲ, ಅಷ್ಟೆ.

ತಾಮಾರಳಿಗೆ ಕೊಟ್ಟ ಸಲಹೆ

ಪವಿತ್ರ ಗ್ರಂಥಕ್ಕೆ ಈ ವಿಷಯ ಹೊಸದಲ್ಲ. ಸಮುವೇಲನ ಎರಡನೆಯ ಗ್ರಂಥದ 13ನೆಯ ಅಧ್ಯಾಯವನ್ನು ತೆರೆಯಿರಿ. ದಾವೀದನ ಮಗ ಅಮ್ನೋನ ತನ್ನ ಮಲತಂಗಿ ತಾಮಾರಳನ್ನು ಕಾಯಿಲೆಯ ನೆಪದಿಂದ ಕೋಣೆಗೆ ಕರೆಸಿಕೊಂಡು ಬಲಾತ್ಕರಿಸುತ್ತಾನೆ. ಆಮೇಲೆ ಅವಳನ್ನು ದ್ವೇಷಿಸಿ ಹೊರಗೆ ತಳ್ಳಿ ಬಾಗಿಲಿಗೆ ಅಗಳಿ ಹಾಕಿಸುತ್ತಾನೆ. ಇಷ್ಟನ್ನು ನಾವೆಲ್ಲರೂ ಬಲ್ಲೆವು. ನಾವು ಗಮನಿಸದೆ ಹೋಗುವುದು ಅನಂತರದ್ದನ್ನು. ತಾಮಾರಳು ಸುಮ್ಮನಾಗುವುದಿಲ್ಲ. ತಲೆಯ ಮೇಲೆ ಬೂದಿ ಸುರಿದುಕೊಂಡು, ರಾಜಕುಮಾರಿಯರು ಉಡುವ ನಿಲುವಂಗಿಯನ್ನು ಹರಿದುಕೊಂಡು, ಗಟ್ಟಿಯಾಗಿ ಗೋಳಿಡುತ್ತ ಬೀದಿಯಲ್ಲಿ ನಡೆಯುತ್ತಾಳೆ. ನಡೆದದ್ದು ಊರಿಗೆ ತಿಳಿಯಲಿ ಎಂಬುದು ಅವಳ ನಡೆಯ ಅರ್ಥ. ಆಗ ಅವಳ ಒಡಹುಟ್ಟಿದ ಅಣ್ಣ ಅಬ್ಷಾಲೋಮ ಎದುರಾಗಿ ಕೊಡುವ ಸಲಹೆ ಏನು? ಸದ್ಯಕ್ಕೆ ಬಾಯಿ ಮುಚ್ಚಿಕೊಂಡಿರು, ಅವನು ನಿನ್ನ ಅಣ್ಣನಲ್ಲವೇ, ಇದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ. ಮೂರು ಸಾವಿರ ವರ್ಷದ ಹಿಂದಿನ ಆ ಮಾತನ್ನು ನಮ್ಮ ಊರುಗಳಲ್ಲಿ ನಿನ್ನೆಯೂ ಯಾರೋ ಯಾರಿಗೋ ಹೇಳಿದ್ದಾರೆ.

ತಂದೆ ದಾವೀದನ ಪ್ರತಿಕ್ರಿಯೆ ಇನ್ನೂ ಗಮನಾರ್ಹ. ಸುದ್ದಿ ತಿಳಿದು ಅವನು ಕಡುಕೋಪಗೊಂಡನೆಂದು ಹೀಬ್ರೂ ಪಾಠ ತಿಳಿಸಿ ಅಲ್ಲಿಗೇ ನಿಲ್ಲುತ್ತದೆ. ಗ್ರೀಕ್ ಸಪ್ತತಿ ಪಾಠ ಕಾರಣವನ್ನೂ ಸೇರಿಸುತ್ತದೆ: ಅಮ್ನೋನ ಚೊಚ್ಚಲ ಮಗನಾದ್ದರಿಂದ ಅವನ ಮನಸ್ಸನ್ನು ನೋಯಿಸಲು ದಾವೀದ ಒಪ್ಪಲಿಲ್ಲ. ಅರಸನಿಗೆ ಕೋಪ ಬಂತು, ಆದರೆ ಅವನು ಏನನ್ನೂ ಮಾಡಲಿಲ್ಲ. ತಾಮಾರಳು ಅಣ್ಣನ ಮನೆಯಲ್ಲಿ ಹಾಳಾಗಿ ಉಳಿದಳು ಎಂದು ಹೇಳುವಾಗ ಬಳಸಿರುವ ಹೀಬ್ರೂ ಪದ, ಪ್ರವಾದಿಗಳು ಪಾಳುಬಿದ್ದ ಪಟ್ಟಣಗಳಿಗೆ ಬಳಸುವ ಪದವೇ. ಹೀಗೆ ಕಾಪಾಡಿಕೊಂಡ ಮೌನದಿಂದ ಅರಮನೆಗೆ ಶಾಂತಿಯೇನಾದರೂ ದೊರೆಯಿತೇ? ಎರಡು ವರ್ಷದ ನಂತರ ಅಬ್ಷಾಲೋಮ ಅಮ್ನೋನನನ್ನು ಕೊಲ್ಲಿಸಿದ. ಮುಂದೆ ತಂದೆಯ ವಿರುದ್ಧವೇ ದಂಗೆ ಎದ್ದ. ಕುಟುಂಬದ ಮಾನಕ್ಕಾಗಿ ಮಗಳ ಬಾಯಿ ಮುಚ್ಚಿಸಿದ ಕುಟುಂಬವೇ ಒಡೆದುಹೋಯಿತು.

ಈ ಅಧ್ಯಾಯ ನಮ್ಮ ವಾಚನಗ್ರಂಥದ ಭಾನುವಾರಗಳಲ್ಲಿಲ್ಲ, ವಾರದ ದಿನಗಳಲ್ಲಿಯೂ ಇಲ್ಲ. ದಾವೀದ ಮತ್ತು ಬತ್ಷೆಬಳ ಪ್ರಸಂಗವನ್ನು ಓದಿ, ತಾಮಾರಳನ್ನು ಹಾರಿ, ನಾವು ಅಬ್ಷಾಲೋಮನ ದಂಗೆಗೆ ಬಂದುಬಿಡುತ್ತೇವೆ. ನ್ಯಾಯಸ್ಥಾಪಕರ ಗ್ರಂಥದ 19ನೆಯ ಅಧ್ಯಾಯದಲ್ಲಿ ಗಿಬೆಯದವರ ಕೈಗೆ ಒಪ್ಪಿಸಲ್ಪಟ್ಟು ಹೊಸಿಲಿನ ಮೇಲೆ ಕೈಚಾಚಿ ಬಿದ್ದ ಹೆಸರಿಲ್ಲದ ಹೆಣ್ಣಿನ ಕಥೆಯೂ ಹಾಗೆಯೇ ಬಿಟ್ಟುಹೋಗಿದೆ. ಫಿಲಿಸ್ ಟ್ರಿಬಲ್ ಎಂಬ ಬೈಬಲ್ ವಿದ್ವಾಂಸೆ 1984ರಲ್ಲಿ ಇಂಥ ನಾಲ್ಕು ಕಥೆಗಳ ಕುರಿತು ಬರೆದ ಕೃತಿಯನ್ನು ಗುರುಮಠದ ಗ್ರಂಥಾಲಯದಲ್ಲಿ ಹುಡುಕಿ ಓದುವಂತೆ ನಾನು ವಿದ್ಯಾರ್ಥಿಗಳಿಗೆ ಹೇಳುತ್ತೇನೆ. ಬಲಿಪೂಜೆಯಲ್ಲಿ ಓದಲಾಗದಿದ್ದರೇನಂತೆ, ಧರ್ಮಕೇಂದ್ರದ ಬೈಬಲ್ ಅಧ್ಯಯನ ಕೂಟದಲ್ಲಿ ತಾಮಾರಳ ಕಥೆಯನ್ನು ಒಮ್ಮೆ ಓದಿಸಿ ನೋಡಿ. ಹೆಂಗಸರು ಮಾತನಾಡಲು ಆರಂಭಿಸುತ್ತಾರೆ.

ಗಂಡಂದಿರು ಬಾಯಿಪಾಠ ಮಾಡಿಕೊಂಡಿರುವ ವಚನ ಬೇರೆಯದು. ಎಫೆಸಿಯರಿಗೆ ಬರೆದ ಪತ್ರದ 5ನೆಯ ಅಧ್ಯಾಯದಲ್ಲಿ ಸತಿಯರು ಪತಿಗೆ ಅಧೀನರಾಗಿರಬೇಕೆಂಬ ಮಾತು. ಅದನ್ನು 22ನೆಯ ವಚನದಿಂದ ಓದಲು ಆರಂಭಿಸುವುದೇ ತಪ್ಪಿನ ಮೂಲ. ಪಪೈರಸ್ 46, ವ್ಯಾಟಿಕನ್ ಹಸ್ತಪ್ರತಿಯಂಥ ಪ್ರಾಚೀನ ಪ್ರತಿಗಳಲ್ಲಿ 22ನೆಯ ವಚನಕ್ಕೆ ಸ್ವಂತ ಕ್ರಿಯಾಪದವೇ ಇಲ್ಲ. ಅದು 21ನೆಯ ವಚನದಿಂದ ಎರವಲು ಪಡೆಯುತ್ತದೆ. ಕ್ರಿಸ್ತರ ಮೇಲಿನ ಭಯಭಕ್ತಿಯಿಂದ ಎಲ್ಲರೂ ಪರಸ್ಪರ ಅಧೀನರಾಗಿರಬೇಕು ಎಂಬುದು ಆ ವಚನದ ತಾತ್ಪರ್ಯ. ಸಂತ ಎರಡನೆಯ ಜಾನ್ ಪೌಲರು 1988ರ ‘ಮುಲಿಯೆರಿಸ್ ದಿಗ್ನಿತಾತೆಮ್’ ಪತ್ರದ 24ನೆಯ ಪರಿಚ್ಛೇದದಲ್ಲಿ, ಈ ಅಧೀನತೆ ಒಂದು ಕಡೆಯದಲ್ಲ, ಪರಸ್ಪರವಾದದ್ದು ಎಂದು ನಿಸ್ಸಂದಿಗ್ಧವಾಗಿ ಬೋಧಿಸಿದ್ದಾರೆ. ಗಂಡನಿಗೆ ಸಂತ ಪೌಲರು ಕೊಡುವ ಮಾದರಿ ಆಳುವ ಅರಸನದಲ್ಲ, ಪ್ರಾಣವನ್ನೇ ಕೊಟ್ಟ ಕ್ರಿಸ್ತರದು. ಪೇತ್ರನ ಮೊದಲನೆಯ ಪತ್ರ (3:7) ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಹೆಂಡತಿಯನ್ನು ಗೌರವಿಸದವನ ಪ್ರಾರ್ಥನೆಗೆ ಅಡ್ಡಿಯುಂಟಾಗುತ್ತದೆ ಎಂದು ಎಚ್ಚರಿಸುತ್ತದೆ. ಮಲಾಕಿಯ ಪ್ರವಾದಿಯ ಗ್ರಂಥದಲ್ಲಿ (2:16) ಸರ್ವೇಶ್ವರ ವಿವಾಹ ವಿಚ್ಛೇದನವನ್ನು ದ್ವೇಷಿಸುತ್ತಾರೆ ಎಂಬ ಅರ್ಧವನ್ನು ನಾವು ನೂರು ಸಲ ಹೇಳಿದ್ದೇವೆ. ಅದೇ ವಚನದಲ್ಲಿ ಹಿಂಸೆಯನ್ನು ಬಟ್ಟೆಯಂತೆ ಹೊದ್ದವನ ಖಂಡನೆಯೂ ಇದೆ.

ಪರಂಪರೆಯ ಎರಡು ದನಿಗಳು

ನಮ್ಮ ಪರಂಪರೆ ಈ ವಿಷಯದಲ್ಲಿ ನಿಷ್ಕಳಂಕವೆಂದು ಹೇಳಿದರೆ ಸುಳ್ಳಾಗುತ್ತದೆ. ಸಂತ ಅಗಸ್ಟೀನರು ತಮ್ಮ ‘ಕನ್ಫೆಷನ್ಸ್’ ಕೃತಿಯ ಒಂಬತ್ತನೆಯ ಭಾಗದಲ್ಲಿ ತಾಯಿ ಮೋನಿಕಾರ ಬಗ್ಗೆ ಬರೆಯುತ್ತ ತಗಸ್ತೆ ಪಟ್ಟಣದ ಗೃಹಿಣಿಯರನ್ನು ನೆನೆಯುತ್ತಾರೆ. ಗಂಡಂದಿರ ಹೊಡೆತದ ಗುರುತುಗಳು ಅವರ ಮುಖದ ಮೇಲೆಯೇ ಇದ್ದವು. ಪತ್ರಿಸಿಯುಸ್ ಅಂಥ ಮುಂಗೋಪಿಯಾಗಿದ್ದರೂ ಮೋನಿಕಾರಿಗೆ ಹೊಡೆದದ್ದು ಯಾರ ಕಿವಿಗೂ ಬಿದ್ದಿರಲಿಲ್ಲ. ಆ ಹೆಂಗಸರು ಗುಟ್ಟೇನೆಂದು ಕೇಳಿದರು. ವಿವಾಹದ ಒಪ್ಪಂದವನ್ನು ಓದಿದ ದಿನವೇ ತಾವು ದಾಸಿಯರಾದೆವೆಂದು ತಿಳಿದು, ಒಡೆಯರ ಎದುರು ತಲೆಯೆತ್ತದಿರಬೇಕು ಎಂಬುದು ಮೋನಿಕಾರ ಉತ್ತರ. ಮಗ ಅದನ್ನು ಮೆಚ್ಚಿಗೆಯಿಂದಲೇ ದಾಖಲಿಸಿದ್ದಾರೆ. ಆಗಸ್ಟ್ 27ರಂದು ನಾವು ಸಂತ ಮೋನಿಕಾರನ್ನು ತಾಯಂದಿರ ಮಾದರಿಯೆಂದು ಸಾರುವಾಗ ಈ ಸಲಹೆಯನ್ನೂ ಅರಿವಿಲ್ಲದೆ ಸಾರುತ್ತೇವೆ. ಆಕೆಯ ಕಣ್ಣೀರನ್ನೂ ಪ್ರಾರ್ಥನೆಯನ್ನೂ ಗೌರವಿಸೋಣ. ಆದರೆ ಗುಲಾಮಗಿರಿ ಸಹಜವೆನಿಸಿದ್ದ ನಾಲ್ಕನೆಯ ಶತಮಾನದ ಆಫ್ರಿಕದ ರೋಮನ್ ಕುಟುಂಬವೊಂದರಲ್ಲಿ ಪೆಟ್ಟಿನಿಂದ ಪಾರಾಗಲು ಒಬ್ಬ ಜಾಣ ಹೆಣ್ಣು ಕಂಡುಕೊಂಡ ಉಪಾಯ ದೈವಶಾಸ್ತ್ರವಾಗುವುದಿಲ್ಲ.

ಸುಮಾರು ಅದೇ ಕಾಲದಲ್ಲಿ ಸಂತ ಜಾನ್ ಕ್ರಿಸೊಸ್ತೊಮ್ ಕೊರಿಂಥಿಯರಿಗೆ ಬರೆದ ಮೊದಲ ಪತ್ರದ ಮೇಲಿನ 26ನೆಯ ಪ್ರಬೋಧನೆಯಲ್ಲಿ ಬೇರೆ ದನಿಯಲ್ಲಿ ಮಾತನಾಡಿದರು. ಯಾವ ತಪ್ಪಿಗೂ ಹೆಂಡತಿಯ ಮೇಲೆ ಕೈಯೆತ್ತುವಂತಿಲ್ಲ. ದಾಸಿಗೆ ಹೊಡೆಯುವುದೇ ಸ್ವತಂತ್ರ ಪುರುಷನಿಗೆ ತಕ್ಕುದಲ್ಲವೆಂದ ಮೇಲೆ ಹೆಂಡತಿಯ ಮಾತೇನು? ಓಣಿಯುದ್ದಕ್ಕೂ ಕೂಗಾಟ ಕೇಳಿಸಿ, ಒಳಗೆ ಕಾಡುಮೃಗ ನುಗ್ಗಿದೆಯೋ ಎಂಬಂತೆ ನೆರೆಹೊರೆಯವರೂ ದಾರಿಹೋಕರೂ ಓಡಿಬರುವ ಚಿತ್ರವನ್ನು ಅವರು ಕಟ್ಟಿಕೊಡುತ್ತಾರೆ. ಅವಮಾನ ಪೆಟ್ಟು ತಿಂದವಳದಲ್ಲ, ಹೊಡೆದವನದು ಎನ್ನುತ್ತಾರೆ. ‘ಜನ ಏನಂದಾರು’ ಎಂದು ಹೆಣ್ಣುಮಕ್ಕಳೇ ತಲೆ ತಗ್ಗಿಸುವ ನಮ್ಮ ಸಮಾಜದಲ್ಲಿ ಇದೊಂದು ಮಾತನ್ನು ಗಟ್ಟಿಯಾಗಿ ಬೋಧಿಸಿದರೂ ಸಾಕಷ್ಟಾಯಿತು. ಆದರೆ ಪ್ರಾಮಾಣಿಕವಾಗಿ ಮುಂದಕ್ಕೆ ಓದಬೇಕು: ಅದೇ ಪ್ರಬೋಧನೆಯಲ್ಲಿ ಅವರು ಹೆಂಡತಿಯ ಕಡೆ ತಿರುಗಿ, ಅಂಥ ಗಂಡನೇ ಸಿಕ್ಕಿದ್ದರೆ ಪರಲೋಕದ ಪ್ರತಿಫಲವನ್ನು ನೆನೆದು ಸಹಿಸಿಕೊ ಎಂದೂ ಹೇಳುತ್ತಾರೆ. ಹೊಡೆಯುವವನನ್ನು ಅಷ್ಟು ತೀಕ್ಷ್ಣವಾಗಿ ಖಂಡಿಸಿದ ಸುವರ್ಣವಾಣಿಯೂ ಹೊಡೆಸಿಕೊಳ್ಳುವವಳಿಗೆ ಬಾಗಿಲು ತೆರೆಯಲಿಲ್ಲ. ಆ ಬಾಗಿಲನ್ನು ತೆರೆದದ್ದು ಧರ್ಮಸಭೆಯ ಕಾನೂನು.

ತೆರೆದಿರುವ ಬಾಗಿಲು

1983ರ ಧರ್ಮಸಭೆಯ ಕಾನೂನು ಸಂಹಿತೆಯ 1153ನೆಯ ವಿಧಿ ಹೀಗೆ ಹೇಳುತ್ತದೆ: ಸಂಗಾತಿಗಳಲ್ಲಿ ಒಬ್ಬರು ಮತ್ತೊಬ್ಬರಿಗಾಗಲಿ ಮಕ್ಕಳಿಗಾಗಲಿ ಮಾನಸಿಕ ಅಥವಾ ದೈಹಿಕ ಗಂಡಾಂತರವನ್ನು ತಂದೊಡ್ಡಿದರೆ, ಇಲ್ಲವೇ ಸಹಬಾಳ್ವೆಯನ್ನು ದುಸ್ತರಗೊಳಿಸಿದರೆ, ಬಿಟ್ಟು ಹೋಗಲು ಇನ್ನೊಬ್ಬರಿಗೆ ನ್ಯಾಯಸಮ್ಮತ ಕಾರಣವಿದೆ. ಸ್ಥಳೀಯ ಧರ್ಮಾಧ್ಯಕ್ಷರ ಆದೇಶದಿಂದ ಹೋಗಬಹುದು. ತಡಮಾಡಿದರೆ ಅಪಾಯವಿದೆಯಾದರೆ ತಮ್ಮ ಸ್ವಂತ ನಿರ್ಧಾರದಿಂದಲೇ ಹೋಗಬಹುದು. ಕೊನೆಯ ಮಾತನ್ನು ಎರಡು ಸಲ ಓದಿಕೊಳ್ಳಿ. ಅಪಾಯದಲ್ಲಿರುವ ಹೆಣ್ಣು ಮನೆಯಿಂದ ಹೊರಬೀಳಲು ನಮ್ಮ ಅಪ್ಪಣೆಗಾಗಿ ಕಾಯಬೇಕಿಲ್ಲ. ಇದು ಆಧುನಿಕರ ಒತ್ತಡಕ್ಕೆ ಮಣಿದು ಸೇರಿಸಿದ್ದೂ ಅಲ್ಲ. 1917ರ ಸಂಹಿತೆಯ 1131ನೆಯ ವಿಧಿಯಲ್ಲಿಯೂ ಕ್ರೌರ್ಯವು ಪ್ರತ್ಯೇಕ ವಾಸಕ್ಕೆ ಕಾರಣವೆಂದು ದಾಖಲಾಗಿತ್ತು. ನಮ್ಮ ರಾಜ್ಯದಲ್ಲಿರುವ ಸಿರೋ-ಮಲಬಾರ್ ಧರ್ಮಸಭೆಗೆ ಅನ್ವಯಿಸುವ ಪೌರಸ್ತ್ಯ ಸಂಹಿತೆಯ 864ನೆಯ ವಿಧಿಯೂ ಇದನ್ನೇ ಹೇಳುತ್ತದೆ. ಜಗದ್ಗುರು ಫ್ರಾನ್ಸಿಸರು 2016ರ ‘ಅಮೋರಿಸ್ ಲೆತೀತ್ಸಿಯ’ದ 241ನೆಯ ಪರಿಚ್ಛೇದದಲ್ಲಿ, ಕೆಲವು ಸಂದರ್ಭಗಳಲ್ಲಿ ಅಗಲಿಕೆ ಅನಿವಾರ್ಯವಷ್ಟೇ ಅಲ್ಲ, ನೈತಿಕವಾಗಿ ಅಗತ್ಯವೂ ಆದೀತು ಎಂದಿದ್ದಾರೆ. ಅದೇ ಪ್ರಬೋಧನ ಪತ್ರದ 54ನೆಯ ಪರಿಚ್ಛೇದ ಹೆಂಡತಿಯ ಮೇಲಿನ ಹಿಂಸೆಯನ್ನು ಗಂಡಸುತನವೆಂದು ಅಲ್ಲ, ಹೇಡಿತನವೆಂದು ಕರೆಯುತ್ತದೆ.

ಹಾಗಾದರೆ ವಿವಾಹದ ಅವಿಚ್ಛೇದ್ಯತೆಯ ಗತಿಯೇನು ಎಂದು ತರಗತಿಯಲ್ಲಿ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ. ಪ್ರಶ್ನೆ ಸಾಧುವಾದದ್ದು. ಪ್ರತ್ಯೇಕ ವಾಸದಿಂದ ವಿವಾಹ ಬಂಧನ ಕಡಿಯುವುದಿಲ್ಲ. ಒಂದೇ ಸೂರಿನಡಿ ಇರುವ ಕರ್ತವ್ಯ ಮಾತ್ರ ನಿಲ್ಲುತ್ತದೆ. ಬಂಧನಕ್ಕೂ ಸೂರಿಗೂ ಇರುವ ಈ ವ್ಯತ್ಯಾಸವನ್ನು ನಮ್ಮ ಜನರಿಗೆ ನಾವು ತಿಳಿಸಿಯೇ ಇಲ್ಲ. ಕಥೋಲಿಕ ಧರ್ಮೋಪದೇಶ ಗ್ರಂಥದ 2383ನೆಯ ಪರಿಚ್ಛೇದದ ಪ್ರಕಾರ, ನ್ಯಾಯಯುತ ಹಕ್ಕುಗಳನ್ನೂ ಮಕ್ಕಳ ಪಾಲನೆಯನ್ನೂ ಕಾಪಾಡಿಕೊಳ್ಳಲು ಬೇರೆ ದಾರಿಯಿಲ್ಲದಿದ್ದರೆ ನಾಗರಿಕ ವಿಚ್ಛೇದನವನ್ನೂ ಸಹಿಸಬಹುದು, ಅದು ಪಾಪವಾಗದು. ಗಂಡನಿಂದ ದೂರವಿದ್ದು ಮರುಮದುವೆಯಾಗದ ಹೆಣ್ಣುಮಗಳು ಪರಮಪ್ರಸಾದದಿಂದ ದೂರ ಉಳಿಯಬೇಕಾಗಿಲ್ಲ. ಹೀಗೆ ದೂರವಿರುವವರು ಪರಮಪ್ರಸಾದ ಸ್ವೀಕರಿಸುವಂತಿಲ್ಲ ಎಂದು ನಂಬಿ ವರ್ಷಗಟ್ಟಲೆ ಹಿಂದಿನ ಬೆಂಚಿನಲ್ಲಿ ಕುಳಿತೇ ಇದ್ದವರನ್ನು ನಾನು ಬಲ್ಲೆ. ವಿವಾಹದ ಸಿಂಧುತ್ವವನ್ನೇ ಪ್ರಶ್ನಿಸಬೇಕಾದ ಪ್ರಕರಣಗಳಿದ್ದರೆ ಅದು ಧರ್ಮಪ್ರಾಂತ್ಯದ ನ್ಯಾಯಾಲಯದ ಕೆಲಸ. ಆ ಚರ್ಚೆ ಇಲ್ಲಿ ಬೇಡ.

ಉಳಿದದ್ದು ಶಿಲುಬೆಯ ಮಾತು. ಶಿಲುಬೆಯನ್ನು ಹೊತ್ತು ಹಿಂಬಾಲಿಸುವಂತೆ ಕರೆದ ಯೇಸುಸ್ವಾಮಿ ತಾವೇ ಎಷ್ಟು ಸಲ ಹಿಂಸೆಯಿಂದ ತಪ್ಪಿಸಿಕೊಂಡರು ಎಂದು ಎಣಿಸಿದ್ದೇವೆಯೇ? ನಜರೇತಿನವರು ಬೆಟ್ಟದ ಅಂಚಿನಿಂದ ತಳ್ಳಲು ಬಂದಾಗ ಅವರ ನಡುವಿನಿಂದಲೇ ಹೊರಟುಹೋದರು (ಲೂಕ 4:30). ದೇವಾಲಯದಲ್ಲಿ ಕಲ್ಲು ಎತ್ತಿಕೊಂಡಾಗ ಮರೆಯಾದರು (ಯೊವಾನ್ನ 8:59). ಶಿಶುವಾಗಿದ್ದಾಗ ಜೋಸೆಫರು ರಾತ್ರೋರಾತ್ರಿ ತಾಯಿಮಗುವನ್ನು ಈಜಿಪ್ಟಿಗೆ ಕರೆದೊಯ್ದರು. ಹೆರೋದನ ಮನಪರಿವರ್ತನೆಗಾಗಿ ಪ್ರಾರ್ಥಿಸುತ್ತ ಬೆತ್ಲೆಹೇಮಿನಲ್ಲಿಯೇ ಉಳಿಯಲಿಲ್ಲ. ಕೊನೆಗೆ ಬಂಧಿತರಾಗಿ ಅನ್ನನ ಮುಂದೆ ನಿಂತಾಗ ಕಾವಲುಗಾರನೊಬ್ಬ ಕಪಾಳಕ್ಕೆ ಹೊಡೆದ. ಇನ್ನೊಂದು ಕೆನ್ನೆಯನ್ನು ತೋರಲು ಕಲಿಸಿದ ಗುರು ಆಗ ಮಾಡಿದ್ದು, ನನ್ನ ಮಾತು ಸರಿಯಾಗಿದ್ದರೆ ಏಕೆ ಹೊಡೆಯುತ್ತೀ ಎಂದು ಅವನನ್ನೇ ಲೆಕ್ಕ ಕೇಳಿದ್ದು (ಯೊವಾನ್ನ 18:23). ತಮ್ಮ ಪ್ರಾಣವನ್ನು ಯಾರೂ ಕಿತ್ತುಕೊಳ್ಳುವುದಿಲ್ಲ, ತಾವಾಗಿಯೇ ಅರ್ಪಿಸುತ್ತೇವೆ ಎಂದು ಅವರು ಹೇಳಿದ್ದರು (ಯೊವಾನ್ನ 10:18). ಸ್ವಾತಂತ್ರ್ಯದಿಂದ ಎತ್ತಿಕೊಂಡದ್ದು ಶಿಲುಬೆ. ಬೇರೆ ದಾರಿಯೇ ಇಲ್ಲವೆಂದು ನಂಬಿಸಿ ಹೊರಿಸಿದ ಯಾತನೆಗೆ ಆ ಪವಿತ್ರ ಹೆಸರನ್ನು ಕೊಡಬಾರದು. ಕ್ಷಮೆಯೂ ಹೀಗೆಯೇ: ಆಕೆ ಒಂದಲ್ಲ ಒಂದು ದಿನ ಮನಸಾರೆ ಕ್ಷಮಿಸಿಯಾಳು, ಅದು ಕೃಪೆಯ ಕೆಲಸ, ಆದರೆ ಕ್ಷಮಿಸಿದವಳು ಅಪಾಯದ ಮನೆಗೆ ಹಿಂತಿರುಗಲೇಬೇಕೆಂದು ಶುಭಸಂದೇಶ ಎಲ್ಲಿಯೂ ವಿಧಿಸಿಲ್ಲ.

ಬಾಗಿಲಿಗೆ ಬಂದಾಗ

ಈಗ ಆ ಶನಿವಾರದ ಸಂಜೆಗೆ ಮರಳೋಣ. ಮೊದಲನೆಯದಾಗಿ, ಗಂಡನನ್ನು ಕರೆಸಬೇಡಿ. ಇಬ್ಬರನ್ನೂ ಒಟ್ಟಿಗೆ ಕೂರಿಸುವುದು ನಮಗೆ ನ್ಯಾಯವಾಗಿ ಕಾಣುತ್ತದೆ, ಪಂಚಾಯಿತಿಯ ಸಂಸ್ಕಾರ ನಮ್ಮ ರಕ್ತದಲ್ಲಿದೆ. ಆದರೆ ಅವನ ಎದುರು ಆಕೆ ನಿಜ ಹೇಳಲಾರಳು. ಹೇಳಿದರೆ ರಾತ್ರಿ ಅದಕ್ಕೆ ಬೆಲೆ ತೆರುವವಳು ಅವಳೇ. ಧರ್ಮಕೇಂದ್ರದ ಪಾಲನಾ ಸಮಿತಿಯ ಹಿರಿಯರನ್ನು ಕೂಡಿಸಿದರೆ ಅವರಲ್ಲಿ ಅರ್ಧ ಮಂದಿ ಅವನ ನೆಂಟರಾಗಿರುತ್ತಾರೆ. ಆಕೆಯ ಮಾತನ್ನು ನಂಬಿ, ಪೂರ್ತಿ ಕೇಳಿ. ಬಳಿಕ ನೇರವಾಗಿ ಕೇಳಬೇಕಾದ ಪ್ರಶ್ನೆಗಳಿವೆ: ಈ ರಾತ್ರಿ ಮನೆಗೆ ಹೋಗಲು ಭಯವಾಗುತ್ತದೆಯೇ? ಕೊರಳಿಗೆ ಕೈ ಹಾಕಿದ್ದುಂಟೇ? ಮಕ್ಕಳು ಎಲ್ಲಿದ್ದಾರೆ? ಹೋಗಿ ಇರಲು ಜಾಗವಿದೆಯೇ? ಗುರುವಿನೊಡನೆ ಹೇಳಿಕೊಳ್ಳಲಾಗದ್ದು ಬಹಳವಿರುವುದರಿಂದ, ನೆರೆಯ ಕನ್ಯಾಸ್ತ್ರೀಯರಲ್ಲಿ ಒಬ್ಬರೊಡನೆ ಮಾತನಾಡಲು ಇಷ್ಟವೇ ಎಂದೂ ಕೇಳಿ.

ಕಾನೂನಿನ ವಿಷಯದಲ್ಲಿ ನಮ್ಮ ಅಜ್ಞಾನ ಅಪಾರ. ‘ಕೇಸು ಹಾಕಿದರೆ ಅವನು ಜೈಲಿಗೆ ಹೋಗುತ್ತಾನೆ, ಮನೆ ಮುರಿಯುತ್ತದೆ’ ಎಂಬ ಹೆದರಿಕೆಯಿಂದ ಎಷ್ಟೋ ಹೆಂಗಸರು ಹಿಂಜರಿಯುತ್ತಾರೆ, ನಾವೂ ಅದಕ್ಕೆ ಹೂಂಗುಟ್ಟುತ್ತೇವೆ. 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿರುವ, ಮೇಲೆ ಹೇಳಿದ ಕಾಯಿದೆಯ ಉದ್ದೇಶ ಶಿಕ್ಷೆಗಿಂತ ರಕ್ಷಣೆ. ಮ್ಯಾಜಿಸ್ಟ್ರೇಟರು ಹಿಂಸೆಯನ್ನು ತಡೆಯುವ ಆದೇಶ ಕೊಡಬಹುದು, ಜೀವನಾಂಶ ಕೊಡಿಸಬಹುದು, ಮಕ್ಕಳನ್ನು ತಾಯಿಯ ವಶಕ್ಕೆ ನೀಡಬಹುದು. ಮನೆ ಯಾರ ಹೆಸರಿನಲ್ಲಿದ್ದರೂ ಆಕೆಗೆ ಅಲ್ಲಿ ವಾಸಿಸುವ ಹಕ್ಕಿದೆ, ಅಗತ್ಯವಿದ್ದರೆ ಗಂಡನನ್ನೇ ಹೊರಗಿರುವಂತೆ ಆದೇಶಿಸಬಹುದು. ಆದೇಶವನ್ನು ಮುರಿದಾಗಲೇ ಈ ಕಾಯಿದೆಯ ಅಡಿಯಲ್ಲಿ ಜೈಲಿನ ಮಾತು ಬರುವುದು. ಹಿಂಸೆ ನಡೆಯುತ್ತಿರುವುದು ತಿಳಿದ ಯಾವ ವ್ಯಕ್ತಿಯಾದರೂ ಸಂರಕ್ಷಣಾಧಿಕಾರಿಗೆ ತಿಳಿಸಬಹುದು, ಸದ್ಭಾವನೆಯಿಂದ ತಿಳಿಸಿದವರ ಮೇಲೆ ಹೊಣೆ ಬೀಳುವುದಿಲ್ಲ. ಗುರುವೂ ಆ ‘ಯಾವ ವ್ಯಕ್ತಿ’ಯಲ್ಲಿ ಸೇರಿದ್ದಾರೆ. ಕರ್ನಾಟಕದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳಿಗೆ ಈ ಅಧಿಕಾರವಿದೆ. 1869ರ ವಿಚ್ಛೇದನ ಕಾಯಿದೆಯ 22ನೆಯ ವಿಭಾಗದಡಿ ಕ್ರೌರ್ಯದ ಕಾರಣಕ್ಕೆ ಕ್ರೈಸ್ತ ಸ್ತ್ರೀ ನ್ಯಾಯಿಕ ಪ್ರತ್ಯೇಕತೆಯನ್ನು ಕೋರಬಹುದು. ಬಂಧನ ಉಳಿಯುವುದರಿಂದ ಅದು ನಮ್ಮ 1153ನೆಯ ವಿಧಿಗೆ ಬಹಳ ಹತ್ತಿರದ್ದು. (ಪ್ರಸಂಗವಶಾತ್ ಹೇಳುವುದಾದರೆ, 2001ರ ತಿದ್ದುಪಡಿಗೆ ಮುನ್ನ ವಿಚ್ಛೇದನ ಕೋರುವ ಕ್ರೈಸ್ತ ಹೆಂಡತಿಗೆ ಬರೀ ಕ್ರೌರ್ಯ ಸಾಲುತ್ತಿರಲಿಲ್ಲ, ಜೊತೆಗೆ ಗಂಡನ ವ್ಯಭಿಚಾರವನ್ನೂ ರುಜುವಾತು ಮಾಡಬೇಕಿತ್ತು, ಗಂಡನಿಗಾದರೋ ಹೆಂಡತಿಯ ವ್ಯಭಿಚಾರವೊಂದೇ ಸಾಕಿತ್ತು.)

ಪಾಪನಿವೇದನೆಯ ಪೀಠದಲ್ಲಿ ಎಚ್ಚರ ಇಮ್ಮಡಿಯಾಗಿರಬೇಕು. ಅಲ್ಲಿ ಕೇಳಿದ್ದನ್ನು ಹೊರಗೆ ಹೇಳುವಂತಿಲ್ಲ, ಬಳಸುವಂತೆಯೂ ಇಲ್ಲ (ವಿಧಿ 983, 984). ಆದ್ದರಿಂದ ಅಲ್ಲಿ ನೊಂದ ಹೆಣ್ಣುಮಗಳಿಗೆ, ಇದನ್ನೇ ನನ್ನೊಡನೆ ಹೊರಗೆ ಬಂದು ಮಾತನಾಡಬಹುದು ಎಂದು ಆಹ್ವಾನ ನೀಡಬೇಕು, ಒತ್ತಾಯಿಸಬಾರದು. ಆಕೆ ಸಾಮಾನ್ಯವಾಗಿ ನಿವೇದಿಸುವುದು ತನ್ನದೇ ಪಾಪಗಳನ್ನು: ಗಂಡನಿಗೆ ಎದುರುತ್ತರ ಕೊಟ್ಟೆ, ಕೋಪ ಮಾಡಿಕೊಂಡೆ, ಅವನು ಸಾಯಲಿ ಎಂದುಕೊಂಡೆ. ಕೇಳಿದ ತಕ್ಷಣ ಪ್ರಾಯಶ್ಚಿತ್ತ ವಿಧಿಸಿ ಕಳುಹಿಸುವ ಮುನ್ನ, ಕೋಪಕ್ಕೆ ಕಾರಣವೇನಮ್ಮ ಎಂದು ಒಂದೇ ಒಂದು ಪ್ರಶ್ನೆ ಕೇಳಿದರೆ ಇಡೀ ಚಿತ್ರ ಬೇರೆಯಾಗಬಹುದು. ಹೊಡೆಯುವ ಗಂಡ ಬಂದರೆ, ಪಶ್ಚಾತ್ತಾಪದ ಜೊತೆಗೆ ತಿದ್ದಿಕೊಳ್ಳುವ ದೃಢ ಸಂಕಲ್ಪವೂ ಪರಿಹಾರವೂ ಸಂಸ್ಕಾರದ ಅಂಗಗಳೆಂಬುದನ್ನು ಮರೆಯಬಾರದು. ಮೂರು ಮರಿಯಮ್ಮನ ಜಪದಿಂದ ಮುಗಿಯುವ ವಿಷಯವಲ್ಲ ಇದು. ಕುಡಿತ ಬಿಡಿಸುವ ಕೇಂದ್ರಕ್ಕೆ ಸೇರುವುದು, ಆಕೆಯ ದುಡಿಮೆಯ ಹಣವನ್ನು ಆಕೆಗೆ ಮರಳಿಸುವುದು, ಆಕೆ ದೂರವಿರಲು ಬಯಸಿದರೆ ಹಿಂದೆ ಬೀಳದಿರುವುದು, ಇಂಥವು ಪರಿಹಾರಗಳು. ಅದೇ ಪಾಪವನ್ನು ತಿಂಗಳಿಂದ ತಿಂಗಳಿಗೆ ಹೊತ್ತು ತಂದು, ಯಾವ ಹೆಜ್ಜೆಯನ್ನೂ ಇಡಲು ಒಪ್ಪದವನಿಗೆ ಪಾಪವಿಮೋಚನೆಯನ್ನು ಮುಂದೂಡುವ ಅಧಿಕಾರ ಗುರುವಿಗಿದೆ. ನಾವು ಅದನ್ನು ಬಳಸಲು ಅಂಜುತ್ತೇವೆ.

ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿ 2010ರಲ್ಲಿಯೇ ಲಿಂಗ ಸಮಾನತೆಯ ನೀತಿಯೊಂದನ್ನು ಹೊರತಂದಿತು. ಗುರುಮಠಗಳಿಂದ ಹೊರಬೀಳುವ ಎಷ್ಟು ಮಂದಿ ಅದನ್ನು ಓದಿದ್ದಾರೆ? ಗುರುತರಬೇತಿಯಲ್ಲಿ ಸ್ತ್ರೀಯರ ಪಾತ್ರವಿರಬೇಕೆಂದು 2016ರ ‘ರಾತ್ಸಿಯೊ ಫುಂದಮೆಂತಾಲಿಸ್’ ಹೇಳಿದ್ದರೂ ನಮ್ಮಲ್ಲಿ ಅದು ಬಹುಮಟ್ಟಿಗೆ ಅಡುಗೆಮನೆ ಮತ್ತು ಇಂಗ್ಲಿಷ್ ತರಗತಿಗೆ ನಿಂತಿದೆ. ಕೌಟುಂಬಿಕ ಹಿಂಸೆಯ ಪ್ರಕರಣಗಳನ್ನು ನಿರ್ವಹಿಸಿದ ಮಹಿಳಾ ವಕೀಲರೊಬ್ಬರು ಅಥವಾ ಆಪ್ತಸಮಾಲೋಚಕರೊಬ್ಬರು ಅಂತಿಮ ವರ್ಷದವರಿಗೆ ಎರಡು ದಿನ ಪಾಠ ಮಾಡಿದರೆ, ನಾನು ಒಂದು ಅರ್ಧವರ್ಷದಲ್ಲಿ ಹೇಳುವುದಕ್ಕಿಂತ ಹೆಚ್ಚನ್ನು ಅವರು ಕಲಿಯುತ್ತಾರೆ.

‘ಬಿ’ ವರ್ಷದ ಸಾಧಾರಣ ಕಾಲದ 21ನೆಯ ಭಾನುವಾರ ಎಫೆಸಿಯರಿಗೆ ಬರೆದ ಪತ್ರದ ಆ ಭಾಗವೇ ಎರಡನೆಯ ವಾಚನವಾಗಿ ಬರುತ್ತದೆ. ಅಧೀನತೆಯ ಮಾತನ್ನು ಬಿಟ್ಟ ಸಂಕ್ಷಿಪ್ತ ರೂಪವೂ ವಾಚನಗ್ರಂಥದಲ್ಲಿದೆ. ಮುಜುಗರ ತಪ್ಪಿಸಿಕೊಳ್ಳಲು ನಮ್ಮಲ್ಲಿ ಹಲವರು ಅದನ್ನು ಆರಿಸಿಕೊಳ್ಳುತ್ತಾರೆ. ನಾನು ಪೂರ್ಣಪಾಠವನ್ನೇ ಓದಿಸಿ ಎನ್ನುತ್ತೇನೆ. ಓದಿಸಿ, 21ನೆಯ ವಚನದಿಂದ ವಿವರಿಸಿ, ಹೆಂಡತಿಗೆ ಹೊಡೆಯುವುದು ಮಾರಕ ಪಾಪವೆಂದು ಆ ದಿನ ಪೀಠದಿಂದ ಹೆಸರಿಟ್ಟು ಹೇಳಿ. ಅಪಾಯದಲ್ಲಿರುವವಳು ಮನೆ ಬಿಟ್ಟು ಬರುವುದು ಪಾಪವಲ್ಲವೆಂದೂ ಹೇಳಿ. ಅದನ್ನು ಗಂಡಂದಿರೂ ಕೇಳಿಸಿಕೊಳ್ಳಲಿ. ಮಹಿಳಾ ಸಹಾಯವಾಣಿ 181, ತುರ್ತು ಸಂಖ್ಯೆ 112, ಜಿಲ್ಲೆಯ ‘ಸಖಿ’ ಕೇಂದ್ರದ ವಿಳಾಸ, ಇವಿಷ್ಟನ್ನು ಒಂದು ಕಾಗದದಲ್ಲಿ ಬರೆದು ಅಂಟಿಸಿ. ದೇವಾಲಯದ ಮುಂದಿನ ಸೂಚನಾ ಫಲಕದ ಎದುರು ಗಂಡನೊಂದಿಗೆ ಬಂದವಳು ನಿಂತು ಓದಲಾರಳು. ಹೆಂಗಸರ ಶೌಚಾಲಯದ ಬಾಗಿಲಿನ ಒಳಬದಿಗೆ ಅಂಟಿಸಿ, ಹರಿದುಹೋದಾಗ ಮತ್ತೆ ಅಂಟಿಸಿ.